ನಿಮ್ಮ ಸ್ಕ್ರೀನ್ ಹಳದಿಯಾದರೆ ಅದು ನನ್ನ ಫೋಟೋದ ತಪ್ಪಾ?

"ಫೋಟೋ ಯಾಕೋ ಹಳದಿ ಹೊಡೀತಾ ಇದೆ, ಸ್ವಲ್ಪ ಸರಿ ಮಾಡಿ ಕಳ್ಸಿ."

ಈ ಮೆಸೇಜ್ ನೋಡಿದರೆ ಈಗೀಗ ಮೈಯೆಲ್ಲ ಉರಿಯುತ್ತದೆ. ಹೆಚ್ಚಾಗಿ ಬರುವುದು ರಾತ್ರಿ ಹೊತ್ತಲ್ಲೇ. ಯಾಕೆ ಅಂದರೆ, ಸಂಜೆಯಾದ ಮೇಲೆ ಅವರ ಫೋನು ತನ್ನಷ್ಟಕ್ಕೆ ತಾನೇ ನೀಲಿ ಕಡಿಮೆ ಮಾಡಿ ಇಡೀ ಸ್ಕ್ರೀನನ್ನು ಕಿತ್ತಳೆ ಕಡೆಗೆ ಎಳೆದಿರುತ್ತದೆ. ನೈಟ್ ಮೋಡ್ ಯಾವತ್ತೋ ಆನ್ ಮಾಡಿ ಮರೆತಿರುತ್ತಾರೆ. ಆ ಸ್ಕ್ರೀನಿನಲ್ಲಿ ಯಾರ ಫೋಟೋ ಹಾಕಿದರೂ ಹಳದಿಯೇ. ಆದರೆ ತಪ್ಪು ಮಾತ್ರ ಫೋಟೋ ತೆಗೆದವರದ್ದು! ಅವರ ಮಾತು ಕೇಳಿ ನೀಲಿ ಜಾಸ್ತಿ ಮಾಡಿ ಕಳಿಸಿದರೆ ಬೆಳಗ್ಗೆ ಇನ್ನೊಂದು ಮೆಸೇಜ್ ಬರುತ್ತದೆ: "ಮುಖ ಎಲ್ಲ ಯಾಕೆ ಇಷ್ಟು ನೀಲಿ?"

"ನನ್ನ ಕಣ್ಣಿಗೆ ಕಾಣ್ತಾ ಇದೆಯಲ್ಲ" ಅನ್ನುವುದೇ ಎಲ್ಲರ ವಾದ. ಸ್ವಾಮಿ, ಬಣ್ಣದ ವಿಷಯದಲ್ಲಿ ಕಣ್ಣಿನ ಸಾಕ್ಷಿ ನಂಬುವ ಹಾಗೇ ಇಲ್ಲ. ಬಿಳಿ ಹಾಳೆ ಮಧ್ಯಾಹ್ನದ ಬೆಳಕಲ್ಲೂ ಬಿಳಿಯಾಗೇ ಕಾಣುತ್ತದೆ, ಹಳದಿ ಬಲ್ಬಿನ ಕೆಳಗೂ ಬಿಳಿಯಾಗೇ ಕಾಣುತ್ತದೆ. ಹಾಳೆಯಿಂದ ಬರುವ ಬೆಳಕು ಬೇರೆಬೇರೆಯೇ. ಕಣ್ಣು, ಮಿದುಳು ಸೇರಿಕೊಂಡು ಅದನ್ನು ಸರಿದೂಗಿಸಿಬಿಡುತ್ತವೆ. ಸ್ಕ್ರೀನಿಗೂ ಇದೇ ಆಗುವುದು. ನೀಲಿ ಹೊಡೆಯುವ ಮಾನಿಟರ್ ಮುಂದೆ ಹತ್ತು ನಿಮಿಷ ಕೂತರೆ ಅದೇ ಸರಿಯಾದ ಬಿಳಿ ಅನಿಸತೊಡಗುತ್ತದೆ. ಪಕ್ಕದಲ್ಲಿ ಇನ್ನೊಂದು ಸ್ಕ್ರೀನ್ ಇಟ್ಟಾಗಲೇ ಬಂಡವಾಳ ಬಯಲಾಗುವುದು. ಗಾಢ ಬಣ್ಣದ ಗೋಡೆಯಾಗಲಿ, ಕಿಟಕಿಯಿಂದ ಸ್ಕ್ರೀನ್ ಮೇಲೆ ಬೀಳುವ ಬಿಸಿಲಾಗಲಿ, ನೋಡುವ ಬಣ್ಣವನ್ನು ಬದಲಾಯಿಸುತ್ತವೆ. ಎಡಿಟ್ ಮಾಡುವವರು ಹಿನ್ನೆಲೆಯಲ್ಲಿ ಸಪ್ಪೆ ಬೂದು ಬಣ್ಣ ಇಟ್ಟುಕೊಳ್ಳುವುದು ಇದಕ್ಕೇ. ಶೋಕಿಗಲ್ಲ.

ಕಣ್ಣನ್ನು ನಂಬಲಾಗದು ಅಂತಲೇ ನಾವು ಸ್ಕ್ರೀನಿನ ಬಣ್ಣ ಅಳೆಯುವ ಕಲರಿಮೀಟರ್ ಅನ್ನುವ ಸಾಧನ ಕೊಳ್ಳುವುದು. ಮಾನಿಟರ್ ಆನ್ ಮಾಡಿ ಅರ್ಧ ಗಂಟೆ ಬಿಡಬೇಕು, ಅದು ಬಿಸಿಯಾಗಿ ಒಂದು ಸ್ಥಿತಿಗೆ ಬರಲಿ ಅಂತ. ಆಮೇಲೆ ಸ್ಕ್ರೀನಿಗೆ ಸಾಧನ ತೂಗು ಹಾಕಬೇಕು. ಸಾಫ್ಟ್‌ವೇರ್ ಒಂದೊಂದೇ ಬಣ್ಣದ ಚೌಕ ತೋರಿಸುತ್ತದೆ, ಸಾಧನ ಒಂದೊಂದನ್ನೂ ಅಳೆಯುತ್ತದೆ. ಬಿಳಿ 6500 ಕೆಲ್ವಿನ್ ಹತ್ತಿರ, ಅಂದರೆ ಹಗಲಿನ ಬೆಳಕಿನ ಹಾಗೆ ಇರಬೇಕು, ಗಾಮಾ (ಕಪ್ಪಿನಿಂದ ಬಿಳಿಯವರೆಗೆ ಬೆಳಕು ಏರುವ ರೀತಿ) 2.2 ಇರಬೇಕು, ಬ್ರೈಟ್‌ನೆಸ್ ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ (ಬೆಳಕಿನ ಅಳತೆ) ಒಳಗೆ ಇರಬೇಕು. ಮೊದಲು ಮಾನಿಟರನ್ನು ಈ ಗುರಿಗೆ ತರುವುದು. ಆಮೇಲೂ ಉಳಿದ ವ್ಯತ್ಯಾಸವನ್ನು ಐಸಿಸಿ ಪ್ರೊಫೈಲ್ ಅನ್ನುವ ಫೈಲಿನಲ್ಲಿ ಬರೆದಿಡುವುದು, ಅದನ್ನು ಓದುವ ಆ್ಯಪ್ ಬಣ್ಣ ಸರಿಪಡಿಸಿ ತೋರಿಸಲಿ ಅಂತ. ಒಂದು ಸಲ ಮಾಡಿದರೆ ಮುಗಿಯಿತು ಅಂತಲೂ ಇಲ್ಲ. ಮಾನಿಟರಿಗೆ ವಯಸ್ಸಾದ ಹಾಗೆ ಬಣ್ಣ ಜಾರುತ್ತದೆ, ಆಗಾಗ ಮತ್ತೆ ಅಳೆಯಬೇಕು. ಇಷ್ಟೆಲ್ಲ ಮಾಡಿ ತೂಗಿ ಇಟ್ಟ ಬಣ್ಣವನ್ನು ಯಾರೋ ಬಸ್ಸಿನಲ್ಲಿ ಕೂತು, ಬಿಸಿಲಲ್ಲಿ, ಬ್ಯಾಟರಿ ಉಳಿಸಲು ಬ್ರೈಟ್‌ನೆಸ್ ಇಳಿಸಿದ ಫೋನಿನಲ್ಲಿ ನೋಡಿ "ಡಲ್ ಇದೆ" ಅಂದರೆ ಸಿಟ್ಟು ಬರುವುದಿಲ್ಲವಾ?

ಗ್ರಾಹಕರನ್ನಷ್ಟೇ ಬೈದು ಪ್ರಯೋಜನವಿಲ್ಲ. ಸ್ಕ್ರೀನ್ ಮಾಡುವ ಕಂಪನಿಗಳ ಮೇಲೆ ನನಗೆ ಇನ್ನೂ ಜಾಸ್ತಿ ಕೋಪ. ಡಬ್ಬಿಯಿಂದ ತೆಗೆದ ಹೊಸ ಮಾನಿಟರ್ ಬ್ರೈಟ್‌ನೆಸ್ ಎಷ್ಟೋ ಸಲ 250, 300 ಕ್ಯಾಂಡೆಲಾ ಇರುತ್ತದೆ. ನಮಗೆ ಬೇಕಾದ್ದಕ್ಕಿಂತ ಎರಡು ಮೂರು ಪಟ್ಟು! ಬಿಳಿ ನೀಲಿ ಹೊಡೆಯುತ್ತದೆ. ಬಣ್ಣ ಹೆಚ್ಚಿಸುವ ವಿವಿಡ್ ಮೋಡ್, ಡೈನಾಮಿಕ್ ಕಾಂಟ್ರಾಸ್ಟ್ ಅಂತ ಏನೇನೋ ಸೇರಿಸಿರುತ್ತಾರೆ. ಅಂಗಡಿಯ ಸಾಲಿನಲ್ಲಿ ಪಕ್ಕದ ಮಾನಿಟರಿಗಿಂತ ಎದ್ದು ಕಾಣಬೇಕು, ಅಷ್ಟೇ ಅವರ ಚಿಂತೆ. ಡೈನಾಮಿಕ್ ಕಾಂಟ್ರಾಸ್ಟ್ ಅಂತೂ ಚಿತ್ರ ಬದಲಾದಂತೆ ಸ್ಕ್ರೀನಿನ ಹಿಂಬದಿಯ ಬೆಳಕನ್ನೇ ಏರಿಸಿ ಇಳಿಸುತ್ತದೆ. ಹಾಗೆ ಕುಣಿಯುವ ಸ್ಕ್ರೀನನ್ನು ಅಳೆಯುವುದು ಹೇಗೆ?

ಇದರ ಏಟು ಬೀಳುವುದು ಪ್ರಿಂಟ್ ಮೇಲೆ. ಆಲ್ಬಂ ತೆರೆದ ಕೂಡಲೇ "ಪ್ರಿಂಟ್ ಕಪ್ಪಗೆ ಬಂದಿದೆ" ಅಂತ ಶುರುವಾಗುತ್ತದೆ. ಕಪ್ಪಗೆ ಬಂದಿಲ್ಲ. ನಿಮ್ಮ ಸ್ಕ್ರೀನ್ ದೀಪದ ಹಾಗೆ ಉರಿಯುತ್ತಾ ಇತ್ತು. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಕೋಣೆಯಲ್ಲಿ ಇರುವ ಬೆಳಕನ್ನೇ ಅದು ವಾಪಸ್ ಕೊಡಬೇಕು. ಮಂದ ಬೆಳಕಿನ ಕೋಣೆಯಲ್ಲಿ ಪ್ರಿಂಟ್ ಹಿಡಿದು, 300 ಕ್ಯಾಂಡೆಲಾ ಸ್ಕ್ರೀನ್ ಪಕ್ಕ ಇಟ್ಟು ಹೋಲಿಸಿದರೆ ಜಗತ್ತಿನ ಯಾವ ಲ್ಯಾಬಿನ ಪ್ರಿಂಟೂ ಗೆಲ್ಲುವುದಿಲ್ಲ.

ಇನ್ನು ಬಣ್ಣದ ವ್ಯಾಪ್ತಿಯ ಗೋಳು. ಎಸ್‌ಆರ್‌ಜಿಬಿ ಅನ್ನುವ, ಸ್ಕ್ರೀನುಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣದ ವ್ಯಾಪ್ತಿ ಬಂದಿದ್ದು 1996ರಲ್ಲಿ, 1999ರಲ್ಲಿ ಅಂತಾರಾಷ್ಟ್ರೀಯ ಮಾನದಂಡವೂ ಆಯಿತು. ಇಷ್ಟು ವರ್ಷ ಆದರೂ ಅಗ್ಗದ ಲ್ಯಾಪ್‌ಟಾಪ್‌ಗಳು ಅದನ್ನೇ ಪೂರ್ತಿ ತೋರಿಸುವುದಿಲ್ಲ, ಎಷ್ಟೋ ಪ್ಯಾನೆಲ್‌ಗಳು ಮೂರರಲ್ಲಿ ಎರಡು ಪಾಲಿನ ಹತ್ತಿರ ನಿಂತುಬಿಡುತ್ತವೆ. ಅದರಲ್ಲಿ ಕಡುಗೆಂಪು ಬಟ್ಟೆ ಇಟ್ಟಿಗೆ ಬಣ್ಣವಾಗಿ ಕಾಣುತ್ತದೆ. ಇನ್ನೊಂದು ಕಡೆ ಎಸ್‌ಆರ್‌ಜಿಬಿಗಿಂತ ಜಾಸ್ತಿ ಬಣ್ಣ ತೋರಿಸುವ ವೈಡ್ ಗ್ಯಾಮಟ್ ಮಾನಿಟರ್. ಪ್ರೊಫೈಲ್ ಓದದ ಆ್ಯಪ್‌ನಲ್ಲಿ ಫೋಟೋ ತೆರೆದರೆ ಅದೇ ಕೆಂಪು ಕಿರುಚುತ್ತದೆ, ಮುಖಗಳು ಬಿಸಿಲಲ್ಲಿ ಬೆಂದ ಹಾಗೆ ಕಾಣುತ್ತವೆ. ಫೈಲ್ ಒಂದೇ. ಒಬ್ಬರು "ಬಣ್ಣ ಸತ್ತಿದೆ" ಅನ್ನುತ್ತಾರೆ, ಇನ್ನೊಬ್ಬರು "ಬಣ್ಣ ಜಾಸ್ತಿ ಆಯ್ತು" ಅನ್ನುತ್ತಾರೆ. ಫೋಟೋ ತೆಗೆಸಿದ ಒಂದೇ ಕಂಪನಿಯ ಇಬ್ಬರು! ಇಬ್ಬರಿಗೂ ಒಪ್ಪಿಗೆಯಾಗುವ ಹಾಗೆ ನಾನು ಎಲ್ಲಿಂದ ತರಲಿ?

ನಮ್ಮ ಫೋಟೋಗ್ರಾಫರುಗಳೇ ಕೆಲವರು "ಸ್ಕ್ರೀನ್ ಅಳೆಯೋದೆಲ್ಲ ಸುಮ್ನೆ ದುಡ್ಡು ದಂಡ, ಕಣ್ಣಿಗೆ ಚೆನ್ನಾಗಿ ಕಂಡರೆ ಸಾಕು" ಅನ್ನುವುದನ್ನು ಕೇಳಿದಾಗ ಹೊಟ್ಟೆ ಉರಿಯುತ್ತದೆ. ಕ್ಯಾಮೆರಾಕ್ಕೆ, ಲೆನ್ಸಿಗೆ ಸಾಲ ಮಾಡಿ ಸುರಿಯುತ್ತಾರೆ. ಆ ಚಿತ್ರದ ಬಣ್ಣ ತೀರ್ಮಾನವಾಗುವ ಸ್ಕ್ರೀನಿಗೆ ಮಾತ್ರ ಒಂದು ಬಿಡಿಗಾಸೂ ಇಲ್ಲ. ತಲೆ ಸ್ವಲ್ಪ ಸರಿಸಿದರೆ ನೆರಳಿನ ಭಾಗ ಬೆಳ್ಳಗಾಗುವ ಟಿಎನ್ ಅನ್ನುವ ಅಗ್ಗದ ಬಗೆಯ ಪ್ಯಾನೆಲ್ ಮೇಲೆ ಮುಖದ ಬಣ್ಣ ತಿದ್ದುತ್ತಾರೆ. ಗ್ರಾಹಕರಿಗೆ ಇದು ಮುಖ್ಯ ಅಂತ ಯಾಕಾದರೂ ಅನಿಸಬೇಕು, ನಾವೇ ಬೇಡ ಅನ್ನುವಾಗ?

ನನಗಂತೂ ಸಾಕಾಗಿದೆ. ಇನ್ನು ಮೇಲೆ ಬಣ್ಣ ಸರಿಯಿಲ್ಲ ಅನ್ನುವವರು ಯಾವ ಸ್ಕ್ರೀನಿನಲ್ಲಿ ನೋಡಿದಿರಿ, ನೈಟ್ ಮೋಡ್ ಆಫ್ ಇತ್ತಾ, ಬ್ರೈಟ್‌ನೆಸ್ ಎಷ್ಟಿತ್ತು ಅಂತ ಬರೆದು ಕಳಿಸಬೇಕು. ಬಟ್ಟೆಯದೋ ವಸ್ತುವಿನದೋ ಬಣ್ಣದ ತಕರಾರಾದರೆ ಆ ವಸ್ತುವನ್ನೇ ತಂದು ನನ್ನ ಮಾನಿಟರ್ ಪಕ್ಕ, ಸರಿಯಾದ ಬೆಳಕಲ್ಲಿ ಇಟ್ಟು ತೋರಿಸಬೇಕು. ಆಗಲೂ ವ್ಯತ್ಯಾಸ ಕಂಡರೆ ಎಷ್ಟು ಸಲ ಬೇಕಾದರೂ ತಿದ್ದಿಕೊಡುತ್ತೇನೆ, ಬಿಟ್ಟಿಯಾಗಿ. ಫೋನ್ ನೋಡಿ ಹೇಳಿದ ತಿದ್ದುಪಡಿಗೆ ಮಾತ್ರ ಬೇರೆ ಬಿಲ್ ಬರುತ್ತದೆ.