ಡೆಟ್ ಪದಕ್ಕೆ 'ಬಿ' ಅಂಟಿದ್ದು ಹೇಗೆ?

ಸಾಲ ಎಂಬ ಅರ್ಥದ ಇಂಗ್ಲಿಷಿನ ಡೆಟ್ ಪದವನ್ನು ಡಿ, ಇ, ಬಿ, ಟಿ ಎಂದು ಬರೆಯುತ್ತಾರೆ. ಮಕ್ಕಳು ಕೇಳಿದರೆ 'ಬಿ ಸೈಲೆಂಟ್, ಬಾಯಿಪಾಠ ಮಾಡು' ಎಂದು ಬಾಯಿ ಮುಚ್ಚಿಸುತ್ತೇವೆ. ಇದು ತಪ್ಪು. ಆ 'ಬಿ' ಇಂಗ್ಲಿಷರ ಬಾಯಲ್ಲಿದ್ದು ಬಿದ್ದುಹೋದದ್ದಲ್ಲ, ಓದಿದವರು ಬರಹಕ್ಕೆ ತಂದು ತುರುಕಿದ್ದು.

ಪದದ ಬೇರು ಹುಡುಕುವವರು ಇವತ್ತಿನ ಸ್ಪೆಲ್ಲಿಂಗನ್ನು ನಂಬಬಾರದು. ಮೊದಲು ಹಳೆಯ ಬರಹ ನೋಡಬೇಕು. 1300ರ ಆಸುಪಾಸಿನ ಇಂಗ್ಲಿಷಿನಲ್ಲಿ ಇದು ಡಿ, ಇ, ಟಿ, ಟಿ, ಇ. 'ಬಿ'ಯ ಸುಳಿವೇ ಇಲ್ಲ. ಅದು ಫ್ರೆಂಚಿನಿಂದ ಬಂದ ರೂಪ, ಫ್ರೆಂಚರು ಈಗಲೂ ಹಾಗೇ ಬರೆಯುತ್ತಾರೆ. ಇನ್ನೂ ಹಿಂದೆ ಹೋದರೆ ಲ್ಯಾಟಿನ್ನಿನ 'ದೇಬಿತುಮ್', ಅಂದರೆ ಕೊಡಬೇಕಾದದ್ದು. ಅದರ ಬಹುವಚನ 'ದೇಬಿತ'. ಸ್ತ್ರೀಲಿಂಗದ ಏಕವಚನಗಳೂ 'ಅ'ಕಾರದಲ್ಲೇ ಮುಗಿಯುತ್ತಿದ್ದುದರಿಂದ ಜನ ಇದನ್ನೂ ಏಕವಚನವಾಗಿ ಬಳಸಿದರು. ಒತ್ತು 'ದೇ' ಮೇಲೆ ಬಿದ್ದು ನಡುವಿನ 'ಇ' ಸವೆಯಿತು: ದೇಬ್ತ. ಆಮೇಲೆ 'ಬ್' ಪಕ್ಕದ 'ತ'ಕ್ಕೆ ಹೊಂದಿಕೊಂಡಿತು: ದೆತ್ತ. ವರ್ಣ ಹೋಗಿ ಬಣ್ಣ ಆಗಲಿಲ್ಲವೇ, ಅದೇ ದಾರಿ.

15, 16ನೇ ಶತಮಾನದಲ್ಲಿ ಲ್ಯಾಟಿನ್ ಬಲ್ಲವರು ಮೂಲ ಕಾಣಲೆಂದು 'ಬಿ' ಸೇರಿಸಿದರು. ಬಣ್ಣ ಎಂದು ಓದುತ್ತಲೇ ಬರೆಯುವಾಗ ಮಾತ್ರ ಒಂದು ಅರ್ಕಾವೊತ್ತು ಹಾಕಿದ ಹಾಗೆ. ಫ್ರೆಂಚರೂ ಕೆಲಕಾಲ ಹೀಗೇ ಬರೆದು ಕೈಬಿಟ್ಟರು. ಇಂಗ್ಲಿಷರು ಬಿಡಲಿಲ್ಲ. 1598ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ನಾಟಕವೊಂದರಲ್ಲಿ ಮೇಷ್ಟರೊಬ್ಬರು 'ಬಿ' ಉಚ್ಚರಿಸದವರ ಮೇಲೆ ಹರಿಹಾಯುತ್ತಾರೆ. ಡೌಟ್ ಪದದ 'ಬಿ', ರಿಸೀಟ್ ಪದದ 'ಪಿ' ಕೂಡ ಇದೇ ಬಗೆಯವು.

ಬ್ಯಾಂಕಿನ ಮೆಸೇಜಿನಲ್ಲಿ ಬರುವ ಡೆಬಿಟ್ ಇದೇ ದೇಬಿತುಮ್, ಆದರೆ ಸವೆಯದೆ ನೇರ ಲ್ಯಾಟಿನ್ನಿನಿಂದ ಬಂತು. ನಮ್ಮ ವ್ಯಾಕರಣದ ಮಾತಲ್ಲಿ ಹೇಳುವುದಾದರೆ ಡೆಬಿಟ್ ತತ್ಸಮ, ಡೆಟ್ ತದ್ಭವ. ಕಂತಿನ 'ಡ್ಯೂ' ಕೂಡ ಇದೇ ಕುಲದ್ದು, ಫ್ರೆಂಚಿನ ಮೂಲಕ.

ಸ್ಪೆಲ್ಲಿಂಗ್ ನಂಬಿದರೆ ಎಲ್ಲಿ ಎಡವುತ್ತೇವೆ ಎಂಬುದಕ್ಕೆ ಐಲ್ಯಾಂಡ್ ನೋಡಿ. ಅದು ಹಳೆಯ ಇಂಗ್ಲಿಷಿನ ಸ್ವಂತ ಪದ, ಅದರಲ್ಲಿ 'ಎಸ್' ಇರಲೇ ಇಲ್ಲ. ಲ್ಯಾಟಿನ್ನಿನ 'ಇನ್ಸುಲ'ದಿಂದ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ಬಂದದ್ದು 'ಐಲ್'. ಎರಡೂ ಒಂದೇ ಎಂದುಕೊಂಡು ಐಲ್‌ನ 'ಎಸ್' ತಂದು ಇದಕ್ಕೂ ಅಂಟಿಸಿದರು. ಡೆಟ್‌ನ 'ಬಿ'ಗೆ ಲ್ಯಾಟಿನ್ನಿನ ಆಧಾರವಾದರೂ ಇದೆ, ಐಲ್ಯಾಂಡ್‌ನ 'ಎಸ್'ಗೆ ಅದೂ ಇಲ್ಲ.