ಯೂರೋವಿಷನ್ ವೇದಿಕೆಯಲ್ಲಿ ಕೊಸೊವೊಗೆ ಜಾಗ ಕೊಡಬೇಕೇ?

ಸರ್ಬಿಯಾದಿಂದ ಬೇರ್ಪಟ್ಟ ಕೊಸೊವೊವನ್ನು ಸರ್ಬಿಯಾ, ರಷ್ಯಾ, ಸ್ಪೇನ್ ಸೇರಿ ಹಲವು ದೇಶಗಳು ಇನ್ನೂ ದೇಶವೆಂದು ಒಪ್ಪಿಲ್ಲ. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿಕೆ ಯೂರೋವಿಷನ್ ಹಾಡಿನ ಸ್ಪರ್ಧೆಗೆ ಸೇರಲು ಹಲವು ವರ್ಷಗಳಿಂದ ಯತ್ನಿಸುತ್ತಿದೆ. ಸ್ಪರ್ಧೆ ನಡೆಸುವ ಯುರೋಪಿಯನ್ ಪ್ರಸಾರ ಒಕ್ಕೂಟ (ಇಬಿಯು) ಒಪ್ಪಿಲ್ಲ.

ಪರ: ಕುಣಿತಕ್ಕೆ ಇಲ್ಲದ ಅಡ್ಡಿ ಹಾಡಿಗೇಕೆ?

2012ರಲ್ಲಿ ಬಾಕುವಿನಲ್ಲಿ ನಡೆದ ಸ್ಪರ್ಧೆಯಲ್ಲಿ ಜಟೆಗಟ್ಟಿದ ಕೂದಲನ್ನು ನೆತ್ತಿಯ ಮೇಲೆ ಕಟ್ಟಿಕೊಂಡು ರೋನಾ ನಿಶ್ಲಿಯು ಎತ್ತರದ ಸ್ವರದಲ್ಲಿ ಹಾಡಿ ಅಲ್ಬೇನಿಯಾಕ್ಕೆ ಐದನೆಯ ಸ್ಥಾನ ತಂದರು. ಆ ದೇಶ ಅದಕ್ಕಿಂತ ಮೇಲೆ ಹೋದದ್ದಿಲ್ಲ. ಆಕೆ ಹುಟ್ಟಿದ್ದು ಮಾತ್ರ ಕೊಸೊವೊದ ಮಿತ್ರೊವಿತ್ಸಾದಲ್ಲಿ. ಬ್ರಿಟನ್ನಿನ ಪಾಪ್ ಗಾಯಕಿ ರೀಟಾ ಓರಾ ಹುಟ್ಟಿದ್ದು ಕೊಸೊವೊದ ರಾಜಧಾನಿ ಪ್ರಿಸ್ಟಿನಾದಲ್ಲಿ. ಇನ್ನೊಬ್ಬ ಪಾಪ್ ಗಾಯಕಿ ದುವಾ ಲೀಪಾ ಅವರ ಹೆತ್ತವರೂ ಅಲ್ಲಿಯವರೇ. ಇಷ್ಟು ಕಂಠಗಳಿರುವ ನಾಡು ತನ್ನ ಹೆಸರಿನಲ್ಲಿ ಹಾಡುವಂತಿಲ್ಲ.

ಕಾರಣ ಕೇಳಿದರೆ ನಿಯಮ ತೋರಿಸುತ್ತಾರೆ. ಒಕ್ಕೂಟದ ಪೂರ್ಣ ಸದಸ್ಯತ್ವಕ್ಕೆ ದೇಶವು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಲ್ಲೋ ಯುರೋಪ್ ಕೌನ್ಸಿಲ್‌ನಲ್ಲೋ ಇರಬೇಕು. ಮೊದಲನೆಯದು ವಿಶ್ವಸಂಸ್ಥೆಯ ಅಂಗ. ವಿಶ್ವಸಂಸ್ಥೆಯ ಬಾಗಿಲಲ್ಲಿ ರಷ್ಯಾದ ವಿಟೊ ಕಾಯುತ್ತಿದೆ. ಹೊರಗಿದ್ದುಕೊಂಡೇ ದೂರಸಂಪರ್ಕ ಒಕ್ಕೂಟ ಸೇರಲು ಅದರ ಸದಸ್ಯರಲ್ಲಿ ಮೂರನೇ ಎರಡು ಭಾಗದವರ ಒಪ್ಪಿಗೆ ಬೇಕು. ದೂರವಾಣಿಗೂ ರೇಡಿಯೊ ತರಂಗಕ್ಕೂ ಸಂಬಂಧಿಸಿದ ಸಂಸ್ಥೆಯೊಂದು ಯಾರು ಹಾಡಬೇಕೆಂದು ತೀರ್ಮಾನಿಸುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ಇದೇ ಇಬಿಯು 2011ರಲ್ಲಿ ವಾರ್ಸಾದಲ್ಲಿ ನಡೆಸಿದ ಯುವ ನೃತ್ಯಪಟುಗಳ ಯೂರೋವಿಷನ್‌ನಲ್ಲಿ ಕೊಸೊವೊಗೆ ಅವಕಾಶ ಕೊಟ್ಟಿತ್ತು. ಆಗ ಯಾವ ಆಕಾಶವೂ ಕಳಚಿ ಬೀಳಲಿಲ್ಲ. 2014ರಲ್ಲಿ ಒಲಿಂಪಿಕ್ ಸಮಿತಿ ಮಾನ್ಯತೆ ನೀಡಿತು. ಎರಡೇ ವರ್ಷದಲ್ಲಿ ಮೈಲಿಂಡಾ ಕೆಲ್ಮೆಂಡಿ ರಿಯೊದಲ್ಲಿ ಜೂಡೊ ಚಿನ್ನ ಗೆದ್ದರು. ಖರ್ಚು ಉಳಿಸಲು ಬಲ್ಗೇರಿಯಾ, ಮಾಂಟೆನೆಗ್ರೊ, ಉತ್ತರ ಮ್ಯಾಸಿಡೋನಿಯಾ 2023ರಲ್ಲಿ ಹಾಡಿನ ಸ್ಪರ್ಧೆಯಿಂದ ಹಿಂದೆ ಸರಿದವು. ಬರಲು ಹಾತೊರೆಯುವವರನ್ನು ಹೊರಗೆ ನಿಲ್ಲಿಸುವಷ್ಟು ಸಮೃದ್ಧಿ ಸ್ಪರ್ಧೆಗೇನೂ ಇಲ್ಲ.

ವಿರೋಧ: ಅರ್ಜಿ ಹೋಗಬೇಕಾದದ್ದು ಬೇರೆ ಊರಿಗೆ

ಕೊಸೊವೊದ ಹಂಬಲ ನ್ಯಾಯವಾದದ್ದೇ. ಆದರೆ ವಿನಾಯಿತಿ ಎಂಬುದು ಒಬ್ಬರಿಗೆ ಕೊಟ್ಟು ಕೈ ತೊಳೆದುಕೊಳ್ಳುವ ವಸ್ತುವಲ್ಲ. ಇಂದು ಪ್ರಿಸ್ಟಿನಾಗೆ ಕೊಟ್ಟರೆ ನಾಳೆ ಹೆಚ್ಚಿನ ದೇಶಗಳ ಮಾನ್ಯತೆ ಇಲ್ಲದ ಉತ್ತರ ಸೈಪ್ರಸ್, ಅಬ್ಖಾಜಿಯಾ ಕೇಳುತ್ತವೆ. ಇವುಗಳಲ್ಲಿ ಯಾವುದು ನಿಜವಾದ ದೇಶ ಎಂದು ಟಿವಿ ಸಂಸ್ಥೆಗಳ ಕೂಟ ಹೇಗೆ ಹೇಳಬೇಕು? ಹೊರಗಿನ ಅಳತೆಗೋಲಿಗೆ ಅದು ಅಂಟಿಕೊಂಡಿರುವುದು ಈ ಇಕ್ಕಟ್ಟನ್ನು ತಪ್ಪಿಸಿಕೊಳ್ಳಲು. ಯುರೋಪಿನಲ್ಲೇ ಇಲ್ಲದ ಆಸ್ಟ್ರೇಲಿಯಾವನ್ನು ಒಳಗೆ ಬಿಡಲಿಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲಿನ ಎಸ್‌ಬಿಎಸ್ ವಾಹಿನಿ 1983ರಿಂದ ಸ್ಪರ್ಧೆಯನ್ನು ಪ್ರಸಾರ ಮಾಡುತ್ತಿದೆ, ಒಕ್ಕೂಟದ ಸಹಸದಸ್ಯ. ಆ ದೇಶದ ಅಸ್ತಿತ್ವವನ್ನು ಯಾರೂ ಪ್ರಶ್ನಿಸಿಲ್ಲ.

ಕ್ರೀಡೆಯ ಹೋಲಿಕೆಯೂ ಪೂರ್ತಿ ಒಗ್ಗುವುದಿಲ್ಲ. ಫುಟ್‌ಬಾಲ್‌ನಲ್ಲಿ ಸರ್ಬಿಯಾ, ಕೊಸೊವೊ ಒಂದೇ ಗುಂಪಿಗೆ ಬೀಳದಂತೆ ಚೀಟಿ ಎತ್ತುತ್ತಾರೆ. ಅಷ್ಟಾದರೂ ಮುಜುಗರ ತಪ್ಪಿಲ್ಲ: 2021ರ ಮಾರ್ಚ್‌ನಲ್ಲಿ ಸೆವಿಲ್ಲಾದಲ್ಲಿ ಸ್ಪೇನ್ ಎದುರು ಕೊಸೊವೊ ಆಡಿದಾಗ ಸ್ಪೇನಿನ ಸರ್ಕಾರಿ ಟಿವಿ ಪರದೆಯ ಮೂಲೆಯಲ್ಲಿ ತನ್ನ ದೇಶದ ಹೆಸರನ್ನು ದೊಡ್ಡಕ್ಷರದಲ್ಲೂ ಎದುರಾಳಿಯ ಹೆಸರನ್ನು ಸಣ್ಣಕ್ಷರದಲ್ಲೂ ತೋರಿಸಿತು. ಆ ಟಿವಿಯೂ ಇಬಿಯು ಸದಸ್ಯ. ಹಾಡಿನ ಸ್ಪರ್ಧೆಯಲ್ಲಿ ಗುಂಪು ಬೇರ್ಪಡಿಸುವ ಉಪಾಯವಿಲ್ಲ. ಫೈನಲ್‌ಗೆ ಬಂದ ಹಾಡುಗಳಲ್ಲಿ ಹತ್ತಕ್ಕೆ ಪ್ರತಿ ದೇಶವೂ ಅಂಕ ಕೊಡಬೇಕು, ಕೊಟ್ಟದ್ದನ್ನು ದೇಶದ ಹೆಸರಿನೊಡನೆ ಪ್ರಕಟಿಸಬೇಕು. 2007ರಲ್ಲಿ ಗೆದ್ದ ಸರ್ಬಿಯಾ ಮರುವರ್ಷ ಮೇ ತಿಂಗಳಲ್ಲಿ ಬೆಲ್‌ಗ್ರೇಡ್‌ನಲ್ಲಿ ಆತಿಥ್ಯ ವಹಿಸಿತ್ತು. ಕೊಸೊವೊ ಸ್ವಾತಂತ್ರ್ಯ ಘೋಷಿಸಿದ್ದು ಅದೇ ವರ್ಷದ ಫೆಬ್ರುವರಿ 17ರಂದು. ಪ್ರತಿಭಟನೆಗಳಿಂದ ಕುದಿಯುತ್ತಿದ್ದ ಆ ನಗರಕ್ಕೆ ಕೊಸೊವೊದ ಗಾಯಕಿಯೊಬ್ಬರನ್ನು ಕಳಿಸುವ ಹೊಣೆ ಯಾರು ಹೊರುತ್ತಿದ್ದರು?

ಕೇಳುಗರಿಗೆ ಪೂರ್ತಿ ಬಾಗಿಲು ಮುಚ್ಚಿಲ್ಲ. 2023ರಿಂದ ಸ್ಪರ್ಧೆಯಲ್ಲಿಲ್ಲದ ದೇಶಗಳವರೂ ಆನ್‌ಲೈನ್‌ನಲ್ಲಿ ಮತ ಹಾಕಬಹುದು, ಎಲ್ಲರದ್ದೂ ಸೇರಿ ಒಂದು ದೇಶದ ಮತದಷ್ಟೇ ತೂಕವಿದ್ದರೂ. ಗಾಯಕರ ದಾರಿ ಯುರೋಪ್ ಕೌನ್ಸಿಲ್ ಇರುವ ಸ್ಟ್ರಾಸ್‌ಬರ್ಗ್‌ನಲ್ಲಿದೆ. 2022ರಲ್ಲಿ ಕೊಸೊವೊ ಯುರೋಪ್ ಕೌನ್ಸಿಲ್‌ಗೆ ಅರ್ಜಿ ಹಾಕಿತು, 2024ರ ಏಪ್ರಿಲ್‌ನಲ್ಲಿ ಅದರ ಸಂಸದೀಯ ಸಭೆ ಪರವಾಗಿ ಮತ ನೀಡಿತು. ಮರುತಿಂಗಳು ಸಚಿವರ ಸಮಿತಿ ವಿಷಯವನ್ನು ಕೈಗೆತ್ತಿಕೊಳ್ಳಲಿಲ್ಲ. ಸಿಟ್ಟು ಮಾಡುವುದಾದರೆ ಆ ಸಚಿವರ ಮೇಲೆ ಮಾಡಬೇಕು, ಜಿನೀವಾದ ಟಿವಿ ಒಕ್ಕೂಟದ ಮೇಲಲ್ಲ.