ಅಕ್ಕಿ ತಿಂದರೆ ಪಾರಿವಾಳದ ಹೊಟ್ಟೆ ಒಡೆಯುವುದಿಲ್ಲ

ಮದುವೆ ಸೀಸನ್ ಬಂತೆಂದರೆ ಈ ಮೆಸೇಜ್ ಮತ್ತೆ ಓಡಾಡುತ್ತದೆ: ಅಕ್ಷತೆಯ ಅಕ್ಕಿ ತಿಂದ ಹಕ್ಕಿಗಳು ಕಾಳು ಹೊಟ್ಟೆಯೊಳಗೆ ಉಬ್ಬಿ ಸಾಯುತ್ತವಂತೆ. ಕಳಿಸುವವರಿಗೆ ಹಕ್ಕಿಗಳ ಮೇಲೆ ಪ್ರೀತಿಯಿದೆ. ಆದರೆ ಮಾತು ನಿಜವಲ್ಲ.

ಇಂಗ್ಲೆಂಡಿನಲ್ಲಿ ಬೆಳೆ ಉಳಿಸಲು ಕಾಡುಪಾರಿವಾಳ ಹೊಡೆಯುವವರು ಕೊಯ್ಲಾದ ಗೋಧಿ ಹೊಲದ ಕೂಳೆಯಲ್ಲಿ ಹಕ್ಕಿಗಳನ್ನು ಸೆಳೆಯಲು ಪ್ಲಾಸ್ಟಿಕ್ ಪಾರಿವಾಳಗಳನ್ನು ನಿಲ್ಲಿಸಿ, ಬಲೆಯ ಮರೆಯಲ್ಲಿ ದಿನವಿಡೀ ಕಾಯುತ್ತಾರೆ. ಬಿದ್ದ ಹಕ್ಕಿಯ ಕುತ್ತಿಗೆಯ ಬುಡದಲ್ಲಿರುವ ಮೇವುಚೀಲ ಬಿಡಿಸಿದರೆ ಒಣ ಗೋಧಿಯೋ ಇಡೀ ಬಟಾಣಿಯೋ ಸುರಿಯುತ್ತದೆ. ನೆನೆದ ಬಟಾಣಿ ಅಕ್ಕಿಗಿಂತ ಹೆಚ್ಚು ಉಬ್ಬುತ್ತದೆ. ಅದನ್ನೇ ಹೊಟ್ಟೆತುಂಬ ತಿಂದು ಈ ಹಕ್ಕಿಗಳು ಹಾರಾಡಿಕೊಂಡಿರುತ್ತವೆ. ಮೇವುಚೀಲ ಹಿಗ್ಗುತ್ತದೆ. ಅದರಾಚೆ, ಕಲ್ಲುಚೂರು ತುಂಬಿದ ಗಟ್ಟಿ ಸ್ನಾಯುವಿನ ಜಠರ ಬೀಸುವ ಕಲ್ಲಿನಂತೆ ಕಾಳನ್ನು ಅರೆಯುತ್ತದೆ.

ನೀವೇ ಪರೀಕ್ಷಿಸಿ. ಒಂದು ಲೋಟದಲ್ಲಿ ಅಕ್ಕಿ, ಇನ್ನೊಂದರಲ್ಲಿ ಒಣ ಬಟಾಣಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಎರಡನ್ನೂ ಅಳೆಯಿರಿ. ಅಕ್ಕಿ ಅನ್ನವಾಗಿ ಅರಳಲು ಕುದಿನೀರು ಬೇಕು. ಹಕ್ಕಿಯ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್ ಮಾತ್ರ. ಮೆಸೇಜ್‌ನಲ್ಲಿ ಸತ್ತ ಹಕ್ಕಿಯನ್ನು ಯಾರು, ಎಲ್ಲಿ, ಯಾವಾಗ ಕಂಡರು ಎಂದಿದೆಯೇ ಹುಡುಕಿ. ಮಂಡ್ಯದ ಕಡೆ ಹೋದಾಗ ಮಾಗಿದ ಭತ್ತಕ್ಕೆ ಮುತ್ತುವ ರಾಟವಾಳವೆಂಬ ಪುಟ್ಟ ಹಕ್ಕಿಗಳ ಹಿಂಡನ್ನೂ ನೋಡಿ: ತಿಂದು, ಸಂಜೆಗೆ ಹಾರಿಹೋಗುತ್ತವೆ.